ಹೊಸ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಈಗಲೇ ಬಳಸಬಹುದಾ? ಆಫೀಸಿನ ಕಂಪ್ಯೂಟರ್ ಇನ್ನೂ ವಿಂಡೋಸ್ 7

ತುಂಗೆ ದಡ (ತೀರ್ಥಹಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಬಿಸಿಎ ಓದಿದ್ದೇನೆ ಅಂತ ಸೊಸೈಟಿ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಸೈಟ್ ದೊಡ್ಡದೇನಲ್ಲ. ಮೇಲೆ ಆವತ್ತಿನ ಅಡಿಕೆ ಧಾರಣೆ ಇರುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಬೆಲೆ. ಅದರ ಕೆಳಗೆ ಗೊಬ್ಬರ, ಮೈಲುತುತ್ತ, ಸುಣ್ಣದ ದಾಸ್ತಾನು. ಇನ್ನೂ ಕೆಳಗೆ ಸದಸ್ಯರು ಪದೇ ಪದೇ ಕೇಳುವ ಪ್ರಶ್ನೆಗಳು: ಬೆಳೆ ಸಾಲಕ್ಕೆ ಯಾವ್ಯಾವ ಕಾಗದ ತರಬೇಕು, ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಎಷ್ಟು ತುತ್ತ, ಎಷ್ಟು ಸುಣ್ಣ, ಇಂಥವು.

ಈಗಿರುವ ಸೈಟನ್ನು ಕೆಲವು ವರ್ಷದ ಹಿಂದೆ ಹೊರಗಿನವರೊಬ್ಬರು ಮಾಡಿಕೊಟ್ಟಿದ್ದರು. ಪ್ರಶ್ನೆ ಒತ್ತಿದರೆ ಉತ್ತರ ಬಿಚ್ಚಿಕೊಳ್ಳುತ್ತದೆ. ಅದೆಲ್ಲ ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟ್ (ಪುಟದ ಜೊತೆ ಬಂದು ಓಡುವ ಪ್ರೋಗ್ರಾಂ) ಮೇಲೆ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಪುಟದ ಅಕ್ಷರ ಬರುತ್ತದೆ, ಸ್ಕ್ರಿಪ್ಟ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಆಗ ಪ್ರಶ್ನೆ ಎಷ್ಟು ಒತ್ತಿದರೂ ಉತ್ತರ ಬಿಚ್ಚುವುದಿಲ್ಲ. ಹೋದ ಮಳೆಗಾಲ ವಯಸ್ಸಾದ ಅಮ್ಮ ಒಬ್ಬರು ಪಹಣಿ ಇಲ್ಲದೆ ಬಂದರು. ಮಗ ಫೋನಿನಲ್ಲಿ ನೋಡಿದ್ದನಂತೆ, ಪಟ್ಟಿ ತೆರೆದುಕೊಳ್ಳಲೇ ಇಲ್ಲವಂತೆ. ಆ ಮಳೆಯಲ್ಲಿ ಅವರು ಮತ್ತೆ ಮನೆಗೆ ಹೋಗಿ ಬರಬೇಕಾಯಿತು. ನನಗೆ ತುಂಬಾ ಬೇಜಾರಾಯಿತು. ಆ ಪಟ್ಟಿ ಪುಟದೊಳಗೇ ಇತ್ತು, ಅವರ ಫೋನಿಗೂ ಬಂದಿತ್ತು, ಆದರೂ ಕಾಣಲಿಲ್ಲ.

ಅದಕ್ಕೇ ಈಗ ಮೊದಲಿಂದ ಬರೆಯುತ್ತಿದ್ದೇನೆ. ಪ್ರಶ್ನೋತ್ತರಕ್ಕೆ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇರುವ, ಒತ್ತಿದರೆ ಬಿಚ್ಚಿಕೊಳ್ಳುವ ಡೀಟೇಲ್ಸ್ ಟ್ಯಾಗ್, ಅದರೊಳಗೆ ಪ್ರಶ್ನೆಗೆ ಸಮ್ಮರಿ ಟ್ಯಾಗ್ ಹಾಕಿದೆ. ಒಂದು ತೆರೆದರೆ ಇನ್ನೊಂದು ಮುಚ್ಚಲಿ ಅಂತ ಅದಕ್ಕೆ ನೇಮ್ ಆಟ್ರಿಬ್ಯೂಟ್ (ಟ್ಯಾಗ್ ಒಳಗೆ ಬರೆಯುವ ಗುಣ) ಕೊಟ್ಟೆ. ಹುಡುಕುವ ಪೆಟ್ಟಿಗೆಗೆ ಸರ್ಚ್ ಟ್ಯಾಗ್. ಮೈಲುತುತ್ತ ಕಾಯ್ದಿರಿಸುವಾಗ 'ಇಷ್ಟು ಕೆಜಿ, ಖಚಿತವೇ?' ಎಂದು ಕೇಳಲು ಡಯಲಾಗ್ ಟ್ಯಾಗ್, ಅಂದರೆ ಪುಟದ ಮೇಲೆ ಏಳುವ ಪ್ರಶ್ನೆಯ ಪೆಟ್ಟಿಗೆ. ಧಾರಣೆ ಪಟ್ಟಿಯಲ್ಲಿ 'ಮಾದರಿ ಬೆಲೆ' ಪಕ್ಕ ಒಂದು ಚಿಕ್ಕ ಗುಂಡಿ, ಒತ್ತಿದರೆ 'ಆ ದಿನ ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಅದು' ಎಂಬ ವಿವರಣೆ ಪಾಪೋವರ್ ಆಗಿ, ಅಂದರೆ ಪುಟದ ಮೇಲೆ ಚಿಕ್ಕ ಪೆಟ್ಟಿಗೆಯಾಗಿ ಏಳುತ್ತದೆ. ನನ್ನ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆ. ಸ್ಕ್ರಿಪ್ಟ್ ಹೆಚ್ಚುಕಮ್ಮಿ ಬೇಕಾಗಿಯೇ ಇಲ್ಲ.

ಆದರೆ ನಮ್ಮ ಆಫೀಸಿನ ಕಂಪ್ಯೂಟರ್ ವಿಂಡೋಸ್ 7. ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೆ ನಿಂತಿದೆ, ಮುಂದಕ್ಕೆ ಹೋಗುವುದಿಲ್ಲ. ಅದರಲ್ಲಿ ಆ ಪಾಪೋವರ್ ವಿವರಣೆ ಯಾವಾಗಲೂ ತೆರೆದೇ ಇದೆ, ಪಟ್ಟಿಯ ಕೆಳಗೆ ಬಿದ್ದುಕೊಂಡಿದೆ. ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಸದಸ್ಯರಲ್ಲಿ ಹಳೇ ಆಂಡ್ರಾಯ್ಡ್ ಫೋನ್ ಇಟ್ಟುಕೊಂಡವರು ಜಾಸ್ತಿ. ಕೆಲವರ ಹತ್ತಿರ ಮೊದಲು ಬಂದ ಜಿಯೋಫೋನ್ ಇದೆ. ನಮ್ಮ ಕಾರ್ಯದರ್ಶಿಯವರು "ಎಲ್ಲರಿಗೂ ಒಂದೇ ಥರ ಕಾಣಬೇಕಮ್ಮ, ಇಲ್ಲದಿದ್ದರೆ ಹಳೆಯದೇ ಇರಲಿ" ಅಂತಿದ್ದಾರೆ.

ಈ ಹೊಸ ಟ್ಯಾಗ್‌ಗಳನ್ನು ಈಗ ಬಳಸಬಹುದಾ, ಅಥವಾ ಇನ್ನೊಂದೆರಡು ವರ್ಷ ಕಾಯಬೇಕಾ? ಬಳಸಬಹುದಾದರೆ ಯಾವುದನ್ನು?

ದುರ್ಗಿಗುಡಿ ವೆಬ್ (ಶಿವಮೊಗ್ಗ):

ನಾನು ಶಿವಮೊಗ್ಗದಲ್ಲಿ ಅಂಗಡಿಗಳಿಗೆ, ಕ್ಲಿನಿಕ್‌ಗಳಿಗೆ ಸೈಟ್ ಮಾಡಿಕೊಡುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ ಕಾಯಿರಿ. ಈಗ 'ಬೇಸ್‌ಲೈನ್' ಅಂತ ಒಂದು ಗುರುತು ಇದೆ, ನೋಡಿರಬಹುದು. 2023ರಲ್ಲಿ ಬಂತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ ಒಂದು ಸೌಲಭ್ಯ ಬಂದಾಗ ಅದು 'ಹೊಸದಾಗಿ ಲಭ್ಯ'. ಅಲ್ಲಿಂದ 30 ತಿಂಗಳು ಕಳೆದರೆ 'ವ್ಯಾಪಕವಾಗಿ ಲಭ್ಯ'. ನಾನು ಈ ಎರಡನೇ ಗುರುತು ಬಿದ್ದ ಮೇಲೆಯೇ ಮುಟ್ಟುವುದು. ಕೆಲಸ ಮುಗಿಸಿ ದುಡ್ಡು ತಗೊಂಡ ಮೇಲೆ "ನಮ್ಮಪ್ಪನ ಫೋನಲ್ಲಿ ಸರಿ ಕಾಣಲ್ಲ" ಅಂತ ಫೋನ್ ಬಂದರೆ ಉತ್ತರ ಕೊಡಬೇಕಾದವನು ನಾನು. ನಿಮ್ಮ ಕಾರ್ಯದರ್ಶಿಯವರು ಹೇಳುವುದರಲ್ಲೂ ಅರ್ಥ ಇದೆ.

ಡೀಟೇಲ್ಸ್ ಮಾತ್ರ ಹಾಕಿ. ಅದು ಎಲ್ಲ ಕಡೆ ಬಂದು ತುಂಬಾ ಕಾಲ ಆಯಿತು. ಉಳಿದದ್ದು ಮುಂದೆ ನೋಡಿದರಾಯಿತು.

ಹಳೇ ಸೈಬರ್ (ಸಾಗರ):

ಮೇಡಂ, ಕಾಯಬೇಡಿ. ಆದರೆ ನೀವು ಹೇಳಿದ ಟ್ಯಾಗ್‌ಗಳೆಲ್ಲ ಒಂದೇ ಥರದವಲ್ಲ. ಒಂದೊಂದನ್ನೂ ಬೇರೆಯಾಗಿ ನೋಡಬೇಕು.

ದುರ್ಗಿಗುಡಿಯವರು ಹೇಳಿದ ಬೇಸ್‌ಲೈನ್ ಒಳ್ಳೆಯ ಅಳತೆಯೇ. ನಾನೂ ನೋಡುತ್ತೇನೆ. ಆದರೆ ಅದು ಹೇಳುವುದು ಒಂದು ಸೌಲಭ್ಯ ಎಲ್ಲೆಲ್ಲಿ ಕೆಲಸ ಮಾಡುತ್ತದೆ ಎಂದು ಮಾತ್ರ. ಕೆಲಸ ಮಾಡದ ಕಡೆ ಓದುವವರ ಕೈಗೆ ಏನು ಸಿಗುತ್ತದೆ ಎಂದು ಅದು ಹೇಳುವುದಿಲ್ಲ. ನಿಮ್ಮ ಸದಸ್ಯರಿಗೆ ಬೇಕಿರುವುದು ಈ ಎರಡನೆಯದು. ಆ ಅಮ್ಮನಿಗೆ ಪಹಣಿ ತರಬೇಕು ಅನ್ನುವುದು ಗೊತ್ತಾಗಬೇಕಿತ್ತು, ಅಷ್ಟೇ ಅಲ್ವಾ? ಉತ್ತರ ಚಂದವಾಗಿ ಬಿಚ್ಚಿಕೊಳ್ಳುತ್ತಾ ಇಲ್ವಾ ಅನ್ನುವುದು ಅವರಿಗೆ ಬೇಕಿರಲಿಲ್ಲ.

ಎಚ್‌ಟಿಎಂಎಲ್ ಶುರುವಿನಿಂದಲೂ ಒಂದು ಗುಣ ಇಟ್ಟುಕೊಂಡು ಬಂದಿದೆ. ಬ್ರೌಸರ್‌ಗೆ ಗೊತ್ತಿಲ್ಲದ ಟ್ಯಾಗ್ ಸಿಕ್ಕರೆ ಅದು ಪುಟವನ್ನು ನಿಲ್ಲಿಸುವುದಿಲ್ಲ, ಬೈಯುವುದೂ ಇಲ್ಲ. ಟ್ಯಾಗನ್ನು ಬಿಟ್ಟು ಒಳಗಿನ ಅಕ್ಷರವನ್ನು ತೋರಿಸುತ್ತದೆ. ಗೊತ್ತಿಲ್ಲದ ಆಟ್ರಿಬ್ಯೂಟ್ ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬರೆಯುವ ಪೆಟ್ಟಿಗೆ ಕೊಡುವ ಇನ್‌ಪುಟ್ ಟ್ಯಾಗ್‌ಗೆ ಗೊತ್ತಿಲ್ಲದ ಟೈಪ್ ಕೊಟ್ಟರೆ ಸಾದಾ ಅಕ್ಷರದ ಪೆಟ್ಟಿಗೆ ಕೊಡುತ್ತದೆ. ಈ ಗುಣ ಇರುವುದಕ್ಕೇ ಹೊಸ ಟ್ಯಾಗ್‌ಗಳು ಹಳೇ ಬ್ರೌಸರ್‌ಗಳ ನಡುವೆ ಬದುಕಿಕೊಂಡಿವೆ. ಇದನ್ನು ನಂಬಿ ಕೆಲಸ ಮಾಡಬಹುದು.

ಈಗ ನಿಮ್ಮ ಪುಟಕ್ಕೆ ಬರೋಣ.

ಡೀಟೇಲ್ಸ್ ಕ್ರೋಮ್‌ಗೆ ಬಂದಿದ್ದು 2011ರಲ್ಲಿ, 12ನೇ ಆವೃತ್ತಿಯಲ್ಲಿ. ಹಾಗಾಗಿ ಆಫೀಸಿನ 109ರಲ್ಲಿ ತೊಂದರೆಯೇ ಇಲ್ಲ. ಫೈರ್‌ಫಾಕ್ಸ್‌ಗೆ ತಡವಾಗಿ, 2016ರಲ್ಲಿ, 49ನೇ ಆವೃತ್ತಿಗೆ ಬಂತು. ಜಿಯೋಫೋನ್ ವಿಷಯ ಇಲ್ಲಿ ಮುಖ್ಯ. ಅದನ್ನು ನಡೆಸುವ ಕಾಯ್‌ಓಎಸ್ 2.5 ನಿಂತಿರುವುದು ಫೈರ್‌ಫಾಕ್ಸ್‌ನ ಪುಟ ತೋರಿಸುವ ಎಂಜಿನ್ ಆದ ಗೆಕ್ಕೊದ 48ನೇ ಆವೃತ್ತಿಯ ಮೇಲೆ. ಅಂದರೆ ಡೀಟೇಲ್ಸ್ ಬರುವುದಕ್ಕೆ ಒಂದೇ ಆವೃತ್ತಿ ಹಿಂದೆ. ಅಲ್ಲಿ ಏನಾಗುತ್ತೆ? ಎಲ್ಲ ಉತ್ತರವೂ ತೆರೆದೇ ಕಾಣುತ್ತದೆ. ಪುಟ ಉದ್ದ ಆಗುತ್ತದೆ, ಕೆಳಗೆ ಸರಿಸುತ್ತಾ ಓದಬೇಕು. ಆದರೆ ಕಾಗದದ ಪಟ್ಟಿ ಪೂರ್ತಿ ಕಣ್ಣ ಮುಂದೆ ಇರುತ್ತದೆ. ನಿಮ್ಮ ಹಳೇ ಜೆಕ್ವೆರಿ ಸೈಟ್ ಕೆಟ್ಟಾಗ ಉತ್ತರ ಮುಚ್ಚಿಕೊಂಡು ಕೂರುತ್ತಿತ್ತು, ಡೀಟೇಲ್ಸ್ ಕೆಟ್ಟಾಗ ತೆರೆದುಕೊಂಡು ಕೂರುತ್ತದೆ. ನಾನು ಇದಕ್ಕಾಗಿಯೇ ಡೀಟೇಲ್ಸ್ ಪರ. ಮೇಲಾಗಿ ಜೆಕ್ವೆರಿ ಕುಗ್ಗಿಸಿ ಕಳಿಸಿದರೂ ಸುಮಾರು 30 ಕೆಬಿ. ಆಗುಂಬೆ ಕಡೆ ಮಳೆ ಹಿಡಿದ ದಿನ ಆ 30 ಕೆಬಿಯೂ ಭಾರವೇ.

ಡೀಟೇಲ್ಸ್‌ಗೆ ನೇಮ್ ಕೊಡುವುದು ಹೊಸದು. ಕ್ರೋಮ್‌ನಲ್ಲಿ 120ಕ್ಕೆ, ಅಂದರೆ 2023ರ ಡಿಸೆಂಬರ್‌ಗೆ ಬಂತು. ಫೈರ್‌ಫಾಕ್ಸ್‌ನಲ್ಲಿ 2024ರಲ್ಲಿ. ನಿಮ್ಮ 109ರಲ್ಲಿ ಅದು ನಡೆಯುವುದಿಲ್ಲ. ನಡೆಯದಿದ್ದರೆ ಒಂದು ತೆರೆದಾಗ ಇನ್ನೊಂದು ಮುಚ್ಚಿಕೊಳ್ಳುವುದಿಲ್ಲ, ಎರಡೂ ತೆರೆದಿರುತ್ತವೆ. ಯಾರಿಗೂ ನಷ್ಟ ಇಲ್ಲ. ಧೈರ್ಯವಾಗಿ ಇಡಿ.

ಸರ್ಚ್ ಟ್ಯಾಗ್ ಸ್ಟ್ಯಾಂಡರ್ಡ್‌ಗೆ ಸೇರಿದ್ದೇ 2023ರಲ್ಲಿ. ಕ್ರೋಮ್ 118ಕ್ಕೆ ಬಂತು. 109ಕ್ಕೆ ಅದು ಗೊತ್ತಿಲ್ಲದ ಒಂದು ಟ್ಯಾಗ್, ಅಷ್ಟೇ. ಪೆಟ್ಟಿಗೆ ಎಂದಿನಂತೆ ಕೆಲಸ ಮಾಡುತ್ತದೆ. ಸಿಎಸ್‌ಎಸ್‌ನಲ್ಲಿ (ಪುಟದ ಬಣ್ಣ, ಜೋಡಣೆ ಹೇಳುವ ಭಾಷೆ) ಅದಕ್ಕೆ ಡಿಸ್‌ಪ್ಲೇ ಬ್ಲಾಕ್ ಎಂದು ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ಹಳೆಯದರಲ್ಲಿ ಸಾಲು ಆಚೀಚೆ ಆಗಬಹುದು.

ಡಯಲಾಗ್‌ನಲ್ಲಿ ಮಾತ್ರ ಎಚ್ಚರ ಬೇಕು. ಕ್ರೋಮ್‌ನಲ್ಲಿ 2014ರಿಂದ ಇದೆ. ಫೈರ್‌ಫಾಕ್ಸ್, ಸಫಾರಿ ಎರಡಕ್ಕೂ 2022ರ ಮಾರ್ಚ್‌ನಲ್ಲಿ ಬಂತು. ಆಫೀಸಿನಲ್ಲಿ ನಡೆಯುತ್ತದೆ. ಹಳೇ ಐಫೋನ್, ಜಿಯೋಫೋನ್‌ಗಳಲ್ಲಿ ಎರಡು ತೊಂದರೆ ಆಗುತ್ತದೆ. ಪ್ರಶ್ನೆಯ ಪೆಟ್ಟಿಗೆ ಮೊದಲಿಂದಲೇ ಪುಟದಲ್ಲಿ ಬಿದ್ದಿರುತ್ತದೆ. ಇನ್ನೊಂದು, ತೆರೆಯಲು ನೀವು ಬರೆದ 'ಶೋ ಮೋಡಲ್' ಕರೆ ಅಲ್ಲಿ ಇಲ್ಲವಾದ್ದರಿಂದ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಆ ಸಾಲಿನ ಕೆಳಗೆ ಮಾಡಬೇಕಿದ್ದ ಕೆಲಸವೂ ನಿಂತಿತು. ಮೈಲುತುತ್ತ ಕಾಯ್ದಿರಿಸಲು ಬಂದವರು ಗುಂಡಿ ಒತ್ತುತ್ತಲೇ ಇರಬೇಕಾಗುತ್ತದೆ.

ಅದಕ್ಕೆ ಹೀಗೆ ಮಾಡಿ. 'ಇಷ್ಟು ಕೆಜಿ, ಖಚಿತವೇ?' ಎನ್ನುವುದಕ್ಕೆ ಒಂದು ಸಾದಾ ಪುಟವೇ ಇರಲಿ. ಫಾರ್ಮ್ ಕಳಿಸಿದರೆ ಆ ಪುಟ ಬರುತ್ತದೆ, ಅಲ್ಲಿ ಹೌದು ಒತ್ತಿದರೆ ಮುಗಿಯಿತು. ಇದು ಯಾವ ಫೋನಿನಲ್ಲಾದರೂ ನಡೆಯುತ್ತದೆ. ಅದರ ಮೇಲೆ, ಡಯಲಾಗ್ ಗೊತ್ತಿರುವ ಬ್ರೌಸರ್‌ಗೆ ಮಾತ್ರ ಆ ಪ್ರಶ್ನೆಯನ್ನು ಅದೇ ಪುಟದಲ್ಲಿ ಕೇಳುವ ಸ್ಕ್ರಿಪ್ಟ್ ಇರಲಿ. ತೆರೆಯದ ಡಯಲಾಗ್ ಅಡಗಿರಬೇಕು ಎಂದು ಸಿಎಸ್‌ಎಸ್‌ನಲ್ಲಿ ನೀವೇ ಬರೆದುಬಿಡಿ. ಸ್ಕ್ರಿಪ್ಟ್ ಟ್ಯಾಗ್‌ಗೆ ಟೈಪ್ ಮಾಡ್ಯೂಲ್ ಕೊಡಿ. ಮಾಡ್ಯೂಲ್ ಕ್ರೋಮ್‌ನಲ್ಲಿ 61ರಿಂದ, ಫೈರ್‌ಫಾಕ್ಸ್‌ನಲ್ಲಿ 60ರಿಂದ ಇದೆ. ಅದಕ್ಕಿಂತ ಹಿಂದಿನವು ಆ ಫೈಲನ್ನು ಓಡಿಸುವುದೇ ಇಲ್ಲ, ಅವರಿಗೆ ಸಾದಾ ಪುಟ ಸಿಗುತ್ತದೆ. ನಡುವಿನ ಬ್ರೌಸರ್‌ಗಳು ಕೆಲವಿವೆ, ಮಾಡ್ಯೂಲ್ ಇದೆ, ಡಯಲಾಗ್ ಇಲ್ಲ. ಅವಕ್ಕಾಗಿ 'ಶೋ ಮೋಡಲ್ ಇದೆಯಾ' ಎಂದು ಒಂದು ಸಾಲಿನಲ್ಲಿ ಕೇಳಿಕೊಂಡು ಮುಂದೆ ಹೋಗಿ.

ಪಾಪೋವರ್ ನಿಮ್ಮಲ್ಲಿ ಕಂಡ ರೀತಿಯೇ ಸರಿ. ಅದು ಕ್ರೋಮ್ 114ಕ್ಕೆ ಬಂದಿದ್ದು. 109ಕ್ಕೆ ಅದು ಗೊತ್ತಿಲ್ಲದ ಆಟ್ರಿಬ್ಯೂಟ್, ಹಾಗಾಗಿ ವಿವರಣೆ ಅಡಗುವುದಿಲ್ಲ. ಮಾದರಿ ಬೆಲೆ ಎಂದರೇನು ಎಂಬ ಒಂದು ವಾಕ್ಯ ಪಟ್ಟಿಯ ಕೆಳಗೆ ಯಾವಾಗಲೂ ಕಂಡರೆ ಏನೂ ತೊಂದರೆ ಇಲ್ಲ. ಎಷ್ಟೋ ಜನಕ್ಕೆ ಅದೇ ಅನುಕೂಲ. ಕೆಲಸ ಮಾಡದ ಆ ಗುಂಡಿ ಮಾತ್ರ ಕಾಣಬಾರದು, ಒತ್ತಿದವರಿಗೆ ಗೊಂದಲ ಆಗುತ್ತದೆ. ಬ್ರೌಸರ್‌ಗೆ ಏನು ಗೊತ್ತು ಎಂದು ಕೇಳುವ ಸಿಎಸ್‌ಎಸ್‌ನ ಸಪೋರ್ಟ್ಸ್ ನಿಯಮದಲ್ಲಿ 'ಪಾಪೋವರ್-ಓಪನ್ ಎಂಬ ಸೆಲೆಕ್ಟರ್ ಗೊತ್ತಿಲ್ಲದಿದ್ದರೆ ಗುಂಡಿ ಅಡಗಿಸು' ಎಂದು ಬರೆಯಿರಿ. ನಿಮ್ಮ 109ಕ್ಕೆ ಆ ನಿಯಮ ಅರ್ಥ ಆಗುತ್ತದೆ, ಗುಂಡಿ ಹೋಗುತ್ತದೆ. ಆದರೆ ಮೆನುವನ್ನೇ ಪಾಪೋವರ್‌ನಲ್ಲಿ ಇಡಬೇಡಿ. ಹಳೇ ಬ್ರೌಸರ್‌ನಲ್ಲಿ ಇಡೀ ಮೆನು ಪರದೆ ತುಂಬಿಕೊಳ್ಳುತ್ತದೆ.

ಇನ್ನು ಕಾಯುವ ಮಾತು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಕನ್ನಡದವರಾದ ನಾವು ಒಮ್ಮೆ ಇದನ್ನು ಅನುಭವಿಸಿದ್ದೇವೆ.

ನಾನು ಸಾಗರದಲ್ಲಿ ಸೈಬರ್ ಸೆಂಟರ್ ನಡೆಸುತ್ತಿದ್ದ ಕಾಲಕ್ಕೆ ಅಲ್ಲಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 98. ಆಗಿನ ಕನ್ನಡ ಸೈಟ್‌ಗಳು ತಮ್ಮದೇ ಫಾಂಟ್ ಇಟ್ಟುಕೊಂಡು ನಡೆಯುತ್ತಿದ್ದವು. ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ, ಅದರ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತು ಎಲ್ಲ ಕಲಸಿಕೊಂಡು ಕಾಣುತ್ತಿತ್ತು. ಒಂದೊಂದು ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಮನೆಯ ವಿಂಡೋಸ್‌ಗೆ ಕನ್ನಡ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. ಅದೂ ತಾನಾಗಿ ಸರಿ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆಪ್ಷನ್ಸ್‌ಗೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಟಿಕ್ ಹಾಕಿ, ಕೇಳಿದಾಗ ಎಕ್ಸ್‌ಪಿ ಸಿಡಿ ಹಾಕಬೇಕಿತ್ತು. ಅಲ್ಲಿಯವರೆಗೆ ಒತ್ತಕ್ಷರ ಬೇರೆ, ಸ್ವರಚಿಹ್ನೆ ಬೇರೆ. ಸಿಡಿ ಇಲ್ಲದವರ ಕಥೆ ಮುಗಿದಂತೆಯೇ.

ಆಗ ನನ್ನ ಅಂಗಡಿಗೆ ಬರುತ್ತಿದ್ದ ಸೈಟ್ ಮಾಡುವವರು ಎರಡು ಗುಂಪು. "ಯೂನಿಕೋಡ್ ಯಾರಿಗೂ ಕಾಣಲ್ಲ, ಸುಮ್ನೆ ಯಾಕೆ, ಎಲ್ಲರ ಯಂತ್ರಕ್ಕೂ ಬಂದ ಮೇಲೆ ನೋಡೋಣ" ಅನ್ನುವವರು ಒಂದು ಕಡೆ. "ಇವತ್ತು ಡಬ್ಬಿ ಡಬ್ಬಿ ಕಂಡರೂ ಇರಲಿ, ಬರೆಯುವುದನ್ನು ಸರಿಯಾಗಿ ಬರೆದಿಡೋಣ" ಅನ್ನುವವರು ಇನ್ನೊಂದು ಕಡೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಯೂನಿಕೋಡ್‌ನಲ್ಲೇ ಶುರುವಾಯಿತು. ಆವತ್ತು ಅದನ್ನು ಓದಲು ಆಗುತ್ತಿದ್ದ ಯಂತ್ರ ನಮ್ಮ ಪೇಟೆಯಲ್ಲಿ ಎಷ್ಟಿದ್ದವು? ತುಂಬಾ ಕಡಿಮೆ. ಈವತ್ತು ಆ ಹಳೇ ಬರಹಗಳನ್ನು ಯಾವ ಫೋನಿನಲ್ಲಾದರೂ ಓದಬಹುದು, ಹುಡುಕಿದರೆ ಸಿಗುತ್ತವೆ. ಫಾಂಟ್ ನಂಬಿಕೊಂಡು ಬರೆದ ಪುಟಗಳನ್ನು ಮಾತ್ರ ಪರಿವರ್ತಕಕ್ಕೆ ಹಾಕದೆ ಓದಲು ಆಗುವುದಿಲ್ಲ. ಅರ್ಧಕ್ಕರ್ಧ ಕಳೆದೇ ಹೋದವು. ನಮ್ಮ ಕಡೆಯ ಕೆಲವು ಸಂಘಗಳ ವಾರ್ಷಿಕ ವರದಿ, ಹಬ್ಬದ ಸಂಚಿಕೆ ಹಾಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ನನಗೆ ಇವತ್ತಿಗೂ ಅದು ಸಂಕಟದ ವಿಷಯ.

ಬ್ರೌಸರ್ ಬದಲಾಗುತ್ತದೆ. ಫೋನ್ ಬದಲಾಗುತ್ತದೆ. ನೀವು ಬರೆದಿಟ್ಟ ಪುಟ ಮಾತ್ರ ಹಾಗೇ ಇರುತ್ತದೆ, ಅದನ್ನು ಕೂತು ಮತ್ತೆ ಬರೆಯುವವರು ಯಾರೂ ಬರುವುದಿಲ್ಲ. ಈಗಲೇ ಸರಿಯಾದ ಟ್ಯಾಗ್‌ನಲ್ಲಿ ಬರೆದರೆ ಆಫೀಸಿಗೆ ಹೊಸ ಕಂಪ್ಯೂಟರ್ ಬಂದ ದಿನ ನೀವು ಏನೂ ಮಾಡದೆಯೇ ಪಾಪೋವರ್ ಏಳುತ್ತದೆ. ಯೂನಿಕೋಡ್ ಕಾಲದಲ್ಲಿ ಹಳೇ ಯಂತ್ರದವರಿಗೆ ಅಕ್ಷರವೇ ಸಿಗುತ್ತಿರಲಿಲ್ಲ, ಆದರೂ ಅದು ಸರಿಯಾದ ದಾರಿ ಆಗಿತ್ತು. ನಿಮ್ಮ ಪುಟದಲ್ಲಿ ಹಳೇ ಯಂತ್ರದವರಿಗೂ ಅಕ್ಷರ ಪೂರ್ತಿ ಸಿಗುತ್ತದೆ. ಇನ್ನು ಯಾಕೆ ಹಿಂಜರಿಕೆ?

ಹಾಗೆಂದು ಹೊಸದು ಕಂಡದ್ದನ್ನೆಲ್ಲ ಹಾಕಿ ಅನ್ನುತ್ತಿಲ್ಲ. ಎಚ್‌ಟಿಎಂಎಲ್‌ನ ಕಟ್ಟುನಿಟ್ಟಿನ ರೂಪ ಎಕ್ಸ್‌ಎಚ್‌ಟಿಎಂಎಲ್ ಅಂತ ಇತ್ತು. ಅದನ್ನು ಅದರ ಸ್ವಂತ ಟೈಪ್‌ನಲ್ಲಿ ಕಳಿಸಿದರೆ ಒಂದು ಟ್ಯಾಗ್ ಮುಚ್ಚದಿದ್ದರೂ ಪುಟದ ಬದಲು ತಪ್ಪಿನ ಸಂದೇಶ ಬರುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರವರೆಗೂ ಆ ಟೈಪ್ ತೆರೆಯಲೇ ಬರುತ್ತಿರಲಿಲ್ಲ. ಅದರ ಮುಂದಿನ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು 2009ರಲ್ಲಿ ನಿಲ್ಲಿಸಿದರು. ಒಂದು ಪುಟದೊಳಗೆ ಇನ್ನೊಂದನ್ನು ತರುವ ಎಚ್‌ಟಿಎಂಎಲ್ ಇಂಪೋರ್ಟ್ಸ್ ಅಂತ ಇನ್ನೊಂದು ಬಂತು. ಕ್ರೋಮ್ ಕಡೆಯವರು ಮಾತ್ರ ಅದನ್ನು ಹಿಡಿದುಕೊಂಡಿದ್ದರು, ಉಳಿದವರು ಒಪ್ಪಲಿಲ್ಲ. 2020ರಲ್ಲಿ ಕ್ರೋಮ್ ಕೂಡ ತೆಗೆದುಹಾಕಿತು. ಹಾಗಾಗಿ ನಾನು ನೋಡುವುದು ಎರಡು ವಿಷಯ. ಅದು ಬ್ರೌಸರ್ ಮಾಡುವವರ ಗುಂಪಾದ ವಾಟ್‌ಡಬ್ಲ್ಯುಜಿ ನಡೆಸುವ ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲಿ ಇದೆಯಾ? ಅಲ್ಲಿ ಹೊಸದು ಸೇರಬೇಕಾದರೆ ಕನಿಷ್ಠ ಎರಡು ಬ್ರೌಸರ್ ಎಂಜಿನ್‌ನವರ ಬೆಂಬಲ ಬೇಕು. ಎರಡನೆಯದು, ಒಂದೇ ಎಂಜಿನ್‌ನಲ್ಲಿ ಇದ್ದು ಉಳಿದವರು ಬೇಡ ಅಂದಿದ್ದಾರಾ? ಹಾಗಿದ್ದರೆ ದೂರ ಇರುತ್ತೇನೆ.

ಭದ್ರಾವತಿ ಮೇಷ್ಟ್ರು:

ನಾನು ಕಣ್ಣು ಕಾಣದವನು. ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಇಟ್ಟುಕೊಂಡು ಕಂಪ್ಯೂಟರ್ ಬಳಸುತ್ತೇನೆ. ಅದು ಉಚಿತ, ಅದರ ಜೊತೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ನಿಮ್ಮ ಹಳೇ ಸೈಟ್‌ನಂಥವು ನನಗೆ ದಿನವೂ ಸಿಗುತ್ತವೆ. ಪ್ರಶ್ನೆಯನ್ನು ಡಿವ್ ಎಂಬ ಬರೀ ಪೆಟ್ಟಿಗೆಯಂಥ ಟ್ಯಾಗ್‌ನಲ್ಲಿ ಇಟ್ಟು ಅದಕ್ಕೆ ಕ್ಲಿಕ್ ಕಟ್ಟಿರುತ್ತಾರೆ. ನನ್ನ ಕಿವಿಗೆ ಅದು ಬರೀ ಒಂದು ವಾಕ್ಯ. ಅದನ್ನು ಒತ್ತಬಹುದು ಎಂದು ನನಗೆ ಗೊತ್ತಾಗುವ ಬಗೆಯೇ ಇಲ್ಲ. ಟ್ಯಾಬ್ ಒತ್ತುತ್ತಾ ಹೋದರೆ ಅದರ ಮೇಲೆ ನಿಲ್ಲುವುದೂ ಇಲ್ಲ. ಸಮ್ಮರಿ ಟ್ಯಾಗ್ ಇದ್ದರೆ ಎನ್‌ವಿಡಿಎ ಪ್ರಶ್ನೆಯನ್ನು ಓದಿ, ಮುಚ್ಚಿದೆಯೋ ತೆರೆದಿದೆಯೋ ಅದನ್ನೂ ಹೇಳುತ್ತದೆ. ಎಂಟರ್ ಒತ್ತಿದರೆ ತೆರೆಯುತ್ತದೆ. ಬರೆದವರು ನನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಏನೂ ವಿಶೇಷ ಮಾಡಿರುವುದಿಲ್ಲ. ಸರಿಯಾದ ಟ್ಯಾಗ್ ಹಾಕಿರುತ್ತಾರೆ, ಅಷ್ಟೇ. ನನಗೆ ಬಾಗಿಲು ತೆರೆಯುತ್ತದೆ.

ಸರ್ಚ್ ಟ್ಯಾಗ್‌ನ ಉಪಯೋಗವೂ ನಮ್ಮಂಥವರಿಗೇ. ಕೀಲಿಮಣೆಯ ಡಿ ಒತ್ತಿದರೆ ಪುಟದ ಒಂದು ಭಾಗದಿಂದ ಇನ್ನೊಂದಕ್ಕೆ ಹಾರುತ್ತೇನೆ, ಹುಡುಕುವ ಜಾಗ ಎಲ್ಲಿದೆ ಎಂದು ತಿಳಿಯುತ್ತದೆ. ಹಳೇ ಕ್ರೋಮ್‌ಗೆ ಆ ಟ್ಯಾಗ್ ಗೊತ್ತಿಲ್ಲ, ಆದ್ದರಿಂದ ಸದ್ಯಕ್ಕೆ ಆ ಟ್ಯಾಗ್‌ಗೇ ರೋಲ್ ಸರ್ಚ್ ಎಂದೂ ಬರೆಯಿರಿ. ಎರಡೂ ಯಾಕೆ ಎಂದು ತಪಾಸಣೆಯ ಉಪಕರಣ ಎಚ್ಚರಿಕೆ ಕೊಡಬಹುದು. ಇರಲಿ ಬಿಡಿ.

ಹೊಸ ಟ್ಯಾಗ್‌ಗಳ ಮಾತು ನಡೆಯುತ್ತಿರುವಾಗ ಒಂದು ಹಳೇ ವಿಷಯವನ್ನೂ ಕೇಳಿಕೊಳ್ಳುತ್ತೇನೆ. ಧಾರಣೆ ಪಟ್ಟಿಗೆ ಟೇಬಲ್ ಟ್ಯಾಗನ್ನೇ ಬಳಸಿ. ಮೇಲಿನ ಸಾಲಿನಲ್ಲಿ, ಎಡಗಡೆಯ ಹೆಸರುಗಳಲ್ಲಿ ಟಿಎಚ್ (ತಲೆಬರಹದ ಟ್ಯಾಗ್) ಹಾಕಿ, ಅದು ಅಡ್ಡಸಾಲಿನದೋ ಉದ್ದಸಾಲಿನದೋ ಎಂದು ಹೇಳುವ ಸ್ಕೋಪ್ ಕೊಡಿ. ಪಟ್ಟಿಯ ಶೀರ್ಷಿಕೆಯ ಟ್ಯಾಗ್ ಆದ ಕ್ಯಾಪ್ಶನ್‌ನಲ್ಲಿ ದಿನಾಂಕ ಬರೆಯಿರಿ. ಆಗ ನಾನು ಪಟ್ಟಿಯೊಳಗೆ ಓಡಾಡುವಾಗ 'ರಾಶಿ, ಗರಿಷ್ಠ' ಎಂದು ಹೇಳಿ ಬೆಲೆ ಓದುತ್ತದೆ. ಇಲ್ಲದಿದ್ದರೆ ಬರೀ ಸಂಖ್ಯೆಗಳು ಒಂದರ ಹಿಂದೆ ಒಂದು ಬರುತ್ತವೆ, ಯಾವುದು ಬೆಟ್ಟೆ ಯಾವುದು ಗೊರಬಲು ಎಂದು ಗೊತ್ತಾಗುವುದಿಲ್ಲ. ಇವೆಲ್ಲ 1997ರ ಎಚ್‌ಟಿಎಂಎಲ್ 4ರಲ್ಲೇ ಇದ್ದವು. ಎಲ್ಲ ಬ್ರೌಸರ್‌ನಲ್ಲೂ ಇವೆ. ಆದರೂ ಹಾಕುವವರು ಕಡಿಮೆ. ಪುಟದ ಮೊದಲ ಟ್ಯಾಗ್‌ನಲ್ಲಿ ಭಾಷೆ ಕನ್ನಡ ಎಂದು ಬರೆಯುವುದನ್ನೂ ಬಿಡಬೇಡಿ. ಅದನ್ನು ನೋಡಿಯೇ ನನ್ನ ಯಂತ್ರ ಕನ್ನಡದ ಧ್ವನಿಗೆ ಬದಲಾಗುತ್ತದೆ. ನನಗೂ ಸ್ವಲ್ಪ ತೋಟ ಇದೆ ಮೇಡಂ, ಧಾರಣೆ ನಾನೂ ನೋಡುತ್ತೇನೆ.

ದುರ್ಗಿಗುಡಿ ವೆಬ್ (ಶಿವಮೊಗ್ಗ):

ಮೇಷ್ಟ್ರೇ, ಟಿಎಚ್ ವಿಷಯ ನಾನು ಇಷ್ಟು ವಿವರವಾಗಿ ಎಲ್ಲೂ ಕೇಳಿರಲಿಲ್ಲ. ಧನ್ಯವಾದ.

ಸಾಗರದವರಿಗೆ ಒಂದು ಮಾತು. ಮಾಹಿತಿ ಕೊಡುವ ಪುಟಕ್ಕೆ ನಿಮ್ಮ ದಾರಿ ಸರಿ, ಒಪ್ಪುತ್ತೇನೆ. ದುಡ್ಡು ಕಟ್ಟುವ ಪುಟದಲ್ಲಿ ನಾನು ಈಗಲೂ 30 ತಿಂಗಳು ಕಾಯುವವನೇ. ಅಲ್ಲಿ ಒಂದು ಗುಂಡಿ ಕೆಲಸ ಮಾಡದಿದ್ದರೂ ಜನ ಹೆದರುತ್ತಾರೆ, ಎರಡು ಸಲ ಒತ್ತುತ್ತಾರೆ.

ತುಂಗೆ ದಡ (ತೀರ್ಥಹಳ್ಳಿ):

ಎಲ್ಲರಿಗೂ ಧನ್ಯವಾದ. ಸೊಸೈಟಿ ಸೈಟ್‌ನಲ್ಲಿ ದುಡ್ಡು ಕಟ್ಟುವುದು ಇಲ್ಲ, ಕಾಯ್ದಿರಿಸುವುದು ಮಾತ್ರ. ಅದಕ್ಕೂ ಸಾಗರದವರು ಹೇಳಿದಂತೆ ಸಾದಾ ಖಚಿತ ಪುಟ ಮಾಡಿದೆ.

ಸುಮ್ಮನೆ ಬಾಯಲ್ಲಿ ಹೇಳಿದರೆ ಕಾರ್ಯದರ್ಶಿಯವರು ಒಪ್ಪಲಿಕ್ಕಿಲ್ಲ ಅನಿಸಿತು. ಅಟೆಂಡರ್ ಅಣ್ಣನ ಹತ್ತಿರ ಜಿಯೋಫೋನ್ ಇದೆ. ಅದನ್ನು, ನನ್ನ ಫೋನನ್ನು, ಆಫೀಸಿನ ಕಂಪ್ಯೂಟರನ್ನು ಒಟ್ಟಿಗೆ ಇಟ್ಟು ಮೂರರಲ್ಲೂ ಬೋರ್ಡೋ ದ್ರಾವಣದ ಪುಟ ತೆರೆದು ತೋರಿಸಿದೆ. ಜಿಯೋಫೋನ್‌ನಲ್ಲಿ ಎಲ್ಲ ಉತ್ತರ ತೆರೆದೇ ಬಂತು, ನೀವು ಹೇಳಿದ ಹಾಗೇ. ಅವರು ಮೂರರಲ್ಲೂ ಓದಿ ನೋಡಿದರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. "ಅಳತೆ ಎಲ್ಲದರಲ್ಲೂ ಸರಿ ಇದೆಯಲ್ಲ, ಹಾಕಮ್ಮ" ಅಂದರು. ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು ತೋಟದಲ್ಲೇ ನಿಂತು ನೋಡುವ ಪುಟ ಅದು. ಅದಕ್ಕೇ ಅದನ್ನೇ ಆರಿಸಿಕೊಂಡಿದ್ದೆ.

ಮೇಷ್ಟ್ರೇ, ನೀವು ಹೇಳಿದಂತೆ ಟಿಎಚ್, ಸ್ಕೋಪ್, ಕ್ಯಾಪ್ಶನ್ ಹಾಕಿದ್ದೇನೆ. ಒಮ್ಮೆ ಕೇಳಿ ನೋಡಿ ಹೇಳುತ್ತೀರಾ? ವಿಳಾಸ ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ.

ಇನ್ನೊಂದು ತೊಂದರೆ ಉಳಿದಿದೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಧಾರಣೆ ಪಟ್ಟಿಯ ಬಣ್ಣ, ಗೆರೆ ಏನೂ ಬರುತ್ತಿಲ್ಲ. ಸಿಎಸ್‌ಎಸ್‌ನಲ್ಲಿ ಒಂದು ನಿಯಮದ ಒಳಗೆ ಇನ್ನೊಂದನ್ನು ಬರೆದಿದ್ದೇನೆ. ಅದರಿಂದ ಇರಬಹುದಾ?

ಹಳೇ ಸೈಬರ್ (ಸಾಗರ):

ಹೌದು, ಅದೇ. ಒಂದರೊಳಗೊಂದು ಬರೆಯುವ ಸಿಎಸ್‌ಎಸ್ ಕ್ರೋಮ್ 112ಕ್ಕೆ ಬಂತು. ಫೈರ್‌ಫಾಕ್ಸ್ 117ಕ್ಕೆ. 109ಕ್ಕೆ ಒಳಗಿನ ನಿಯಮ ಅರ್ಥ ಆಗುವುದಿಲ್ಲ, ಬಿಟ್ಟುಬಿಡುತ್ತದೆ. ವಿಂಡೋಸ್ 7ಕ್ಕೆ ಫೈರ್‌ಫಾಕ್ಸ್ ಹಾಕಿ ನೋಡೋಣ ಅನ್ನಿಸಬಹುದು. ಅಲ್ಲಿ ಸಿಗುವ ಕೊನೆಯದು ದೀರ್ಘ ಬೆಂಬಲದ 115, ಅದರಲ್ಲೂ ಇದು ಇಲ್ಲ.

ಇಲ್ಲಿ ನಾನು ಟ್ಯಾಗ್‌ಗಳ ಬಗ್ಗೆ ಹೇಳಿದ ಧೈರ್ಯ ಹೇಳುವುದಿಲ್ಲ. ಒಳಗೆ ಬರೆಯುವುದರಿಂದ ಓದುವವರಿಗೆ ಏನೂ ಲಾಭ ಇಲ್ಲ, ಬರೆಯುವವರಿಗೆ ಟೈಪ್ ಮಾಡುವುದು ಸ್ವಲ್ಪ ಉಳಿಯುತ್ತದೆ. ಆ ಉಳಿತಾಯಕ್ಕೆ ಆಫೀಸಿನ ಪರದೆಯಲ್ಲಿ ಗೆರೆ ಇಲ್ಲದ ಪಟ್ಟಿ ಬೇಡ. ನಿಯಮಗಳನ್ನು ಬಿಡಿಬಿಡಿಯಾಗಿ ಬರೆಯಿರಿ, ಅಥವಾ ಸಾಸ್‌ನಂಥ ಉಪಕರಣದಿಂದ ಬಿಡಿಸಿಕೊಂಡು ಆಮೇಲೆ ಸೈಟ್‌ಗೆ ಹಾಕಿ. ಪಟ್ಟಿಯ ಅಗಲಕ್ಕೆ ಸಿಎಸ್‌ಎಸ್‌ನ ಗ್ರಿಡ್ ಜೋಡಣೆ ಬಳಸಿದ್ದರೆ ಅದನ್ನೂ ಒಮ್ಮೆ ಜಿಯೋಫೋನ್‌ನಲ್ಲಿ ನೋಡಿ. ಗ್ರಿಡ್ ಫೈರ್‌ಫಾಕ್ಸ್‌ಗೆ ಬಂದಿದ್ದು 52ಕ್ಕೆ, ಜಿಯೋಫೋನ್ ಇರುವುದು 48ರ ಮೇಲೆ. ಅಲ್ಲಿ ಎಲ್ಲ ಒಂದರ ಕೆಳಗೆ ಒಂದು ಬರುತ್ತದೆ, ಆ ಚಿಕ್ಕ ಪರದೆಗೆ ಅದೇ ಸರಿ. ಟೇಬಲ್ ಟ್ಯಾಗ್ ಮಾತ್ರ ಟೇಬಲ್ ಆಗಿಯೇ ಇರಲಿ, ಅದರ ಮೇಲೆ ಗ್ರಿಡ್ ಹಾಕಬೇಡಿ. ಹಾಕಿದರೆ ಕೆಲವು ಬ್ರೌಸರ್‌ನಲ್ಲಿ ಮೇಷ್ಟ್ರ ಎನ್‌ವಿಡಿಎಗೆ ಅದು ಪಟ್ಟಿ ಎಂದೇ ಗೊತ್ತಾಗುವುದಿಲ್ಲ.

ಭದ್ರಾವತಿ ಮೇಷ್ಟ್ರು:

ಕೇಳಿದೆ ಮೇಡಂ. 'ರಾಶಿ, ಗರಿಷ್ಠ' ಎಂದು ಸರಿಯಾಗಿ ಓದುತ್ತಿದೆ. ಗೊರಬಲಿನ ಸಾಲಿನಲ್ಲಿ ಮಾತ್ರ ಹೆಸರಿಗೆ ಟಿಎಚ್ ಬಿದ್ದಿಲ್ಲ ಅನಿಸುತ್ತದೆ, ಅಲ್ಲಿ ಬರೀ ಬೆಲೆ ಬರುತ್ತಿದೆ. ಅದೊಂದು ನೋಡಿ.